ಟೇಪ್‌ರೆಕಾರ್ಡರ್ ಮೋಟಾರಿನ ರೈಲು

ನನ್ನ ಗಂಡ ತೀರಿಕೊಂಡ ಮೇಲೆ ನಡುಮನೆಯ ಹಲಗೆಯ ಮೇಲೆ ಒಂದು ರೈಲು ಇಂಜಿನ್ ಉಳಿಯಿತು. ಅಂಗೈಗಿಂತ ಕೊಂಚ ಉದ್ದ. ತಗಡಿನ ಮೈ, ಹಿತ್ತಾಳೆಯ ಚಕ್ರಗಳು, ಒಳಗೆ ಹಳೆಯ ಟೇಪ್‌ರೆಕಾರ್ಡರಿನಿಂದ ಬಿಚ್ಚಿ ತೆಗೆದ ಮೋಟಾರು. ಒಂದು ಪಕ್ಕಕ್ಕೆ ಮಾತ್ರ ಕೆಂಪು ಬಣ್ಣ ಬಳಿದಾಗಿತ್ತು. ಇನ್ನೊಂದು ಪಕ್ಕದಲ್ಲಿ ಹಾಲಿನ ಪುಡಿ ಡಬ್ಬಿಯ ಅಕ್ಷರಗಳು ಹಾಗೇ ಕಾಣುತ್ತಿದ್ದವು. ಕಾರ್ಯಕ್ಕೆ ಬಂದ ನೆಂಟರು ನೆಲದ ಮೇಲಿದ್ದ ಆ ಹಲಗೆಯನ್ನು ಸುತ್ತಿ ಬಳಸಿ ಓಡಾಡಿದರು. ಯಾರೂ ಅದನ್ನು ಎತ್ತಿಡಲಿಲ್ಲ. ನಾನೂ ಎತ್ತಿಡಲಿಲ್ಲ. ಎತ್ತಿಡಬೇಕು ಅನ್ನಿಸಲಿಲ್ಲ, ಇರಲಿ ಅಂತಲೂ ಅನ್ನಿಸಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಂಜನಗೂಡಿನ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು: ನಾನು, ಅವರು, ಅವರ ತಾಯಿ. ಅವರ ಊರು ತಗಡೂರು, ನನ್ನದು ಬಿಳಿಗೆರೆ. ಅವರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಸಂಜೆ ಮನೆಗೆ ಬಂದ ಮೇಲೆ ರೈತರ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಹದಿನಾರು ಎಂಬ ಊರಿನ ಮೇಲೆ ಹೋಗುವ ಬಸ್ಸು ಹತ್ತಿದರೆ ಸಂಜೆ ಅದೇ ದಾರಿಯಲ್ಲಿ ವಾಪಸು.

ಜ್ವರ ಅಂತ ರಜೆ ಹಾಕಿ ಮಲಗಿದವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಜ್ವರ ಮೆದುಳಿಗೆ ಏರಿದೆ ಅಂದರು ಡಾಕ್ಟರು. ಮೈಸೂರಿನ ಆಸ್ಪತ್ರೆಯಿಂದ ಅವರನ್ನು ವ್ಯಾನಿನಲ್ಲಿ ತರುವಾಗ ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದೆ. ಈ ಸಲ ಕಬ್ಬು ಚೆನ್ನಾಗಿ ಬಂದಿದೆ ಅಂದುಕೊಂಡದ್ದು ನೆನಪಿದೆ. ಮನೆಗೆ ಬಂದ ಹೆಂಗಸರು ಎದುರಿಗೆ ಗಟ್ಟಿಗಿತ್ತಿ ಅಂದರು, ಆಚೆ ಹೋಗಿ ಕಲ್ಲು ಅಂದರು. ಎರಡೂ ನನಗೆ ಕೇಳಿಸಿತು. ಎರಡೂ ಬೇರೆ ಯಾರನ್ನೋ ಕುರಿತ ಮಾತಿನ ಹಾಗಿತ್ತು.

ನನ್ನ ಗಂಡನಿಗೆ ರೈಲಿನ ಹುಚ್ಚು ಹಿಡಿಸಿದ್ದು ತಿ. ನರಸೀಪುರದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಒಬ್ಬರು. ನಾನು ಅವರನ್ನು ಅಂಗಡಿಯವರು ಎಂದೇ ಕರೆಯುತ್ತಿದ್ದದ್ದು, ಇಲ್ಲೂ ಹಾಗೇ ಕರೆಯುತ್ತೇನೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವ ಮನೆ. ನನ್ನ ಗಂಡ ತಾಮ್ರದ ತಂತಿ ಕೊಳ್ಳುತ್ತಿದ್ದದ್ದು ಅವರಲ್ಲಿ. ಒಂದು ಸಲ ಅಂಗಡಿಯವರು ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಮುಚ್ಚಳವಿಲ್ಲದ ಪೆಟ್ಟಿಗೆಯೊಂದನ್ನು ತಂದರು. ಒಳಗೆ ಪರದೇಶದ ಮಾದರಿ ರೈಲು: ಹಳಿ, ಡಬ್ಬಿಗಳು, ಕರೀ ಬಣ್ಣದ ಭಾರದ ಇಂಜಿನ್ನು. ಓಡುತ್ತಿರಲಿಲ್ಲ. ನನ್ನ ಗಂಡ ಮೋಟಾರು ಬಿಚ್ಚಿ, ಒಳಗೆ ಕರೆಂಟು ಮುಟ್ಟಿಸುವ ಸವೆದ ಬ್ರಷ್ಷು ಬದಲಾಯಿಸಿ ಓಡಿಸಿಕೊಟ್ಟರು. ಅಲ್ಲಿಂದ ಶುರುವಾಯಿತು. ಇಂಥದ್ದೇ ಒಂದನ್ನು ನಾನೂ ಮಾಡಬಲ್ಲೆ ಅಂದರು ಇವರು. ಮಾಡಿ, ನನ್ನದಕ್ಕಿಂತ ಹೆಚ್ಚು ಡಬ್ಬಿ ಎಳೆಸಿ ನೋಡೋಣ ಅಂದರು ಅಂಗಡಿಯವರು.

ಆಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೆಲ್ಲ ಮೋಟಾರಿನದೇ. ಮಕ್ಕಳ ಆಟದ ಕಾರಿನ ಮೋಟಾರು ಸಿಕ್ಕಾಪಟ್ಟೆ ಜೋರಾಗಿ ತಿರುಗುತ್ತದೆ, ಆದರೆ ಬೆರಳು ಮುಟ್ಟಿಸಿದರೆ ನಿಂತುಬಿಡುತ್ತದೆ. ಅದರೊಳಗಿನ ಆರ್ಮೇಚರಿಗೆ, ಅಂದರೆ ತಂತಿ ಸುತ್ತಿದ ತಿರುಗುವ ಭಾಗಕ್ಕೆ, ಮೂರೇ ಹಲ್ಲು. ನಿಧಾನವಾಗಿ ಓಡಿಸಿದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಕುಂಟುತ್ತದೆ. ಅಂಗಡಿಯವರ ಇಂಜಿನ್ನಿನದು ಐದು ಹಲ್ಲಿನದು, ಆ ಹಲ್ಲುಗಳೂ ಕೊಂಚ ಓರೆ. ಅದಕ್ಕೇ ಬೆಣ್ಣೆಯ ಹಾಗೆ ಹೊರಡುತ್ತದೆ. ಕೆಟ್ಟ ವಾಕ್‌ಮನ್ನಿನಿಂದ ತೆಗೆದ ಮೋಟಾರಿನಲ್ಲಿ ತಂತಿಯ ಒಳಗೆ ಕಬ್ಬಿಣದ ತಿರುಳೇ ಇಲ್ಲ, ಹೂವಿನಷ್ಟು ಹಗುರ, ಕರೆಂಟೂ ಕಡಿಮೆ ಸಾಕು. ಆದರೆ ಹೊರೆ ಹೆಚ್ಚಾಗಿ ನಿಂತರೆ ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತದೆ. ಕೊನೆಗೆ ಇವರು ಹಿಡಿದದ್ದು ಟೇಪ್‌ರೆಕಾರ್ಡರಿನ ಮೋಟಾರನ್ನು. ಅದರ ವೇಗವನ್ನು ಹಿಡಿದಿಡುವ ಸಣ್ಣ ಸರ್ಕೀಟನ್ನು ಕಿತ್ತುಹಾಕಿ, ಕಾರ್ಖಾನೆಯ ಲೇತಿನಲ್ಲಿ ತಿರುಪಿನಂಥ ಗೇರು ಕಡೆದು ಜೋಡಿಸಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಸಾರು ಬಡಿಸುತ್ತಿದ್ದೆ. ಇಷ್ಟೆಲ್ಲ ನನ್ನ ಕಿವಿಯಲ್ಲಿ ಉಳಿದಿದೆ ಅಂತ ಗೊತ್ತಾದದ್ದು ಅವರು ಹೋದ ಮೇಲೆ.

ಎರಡು ತಿಂಗಳ ಮೇಲೆ ಅಂಗಡಿಯವರು ನನ್ನ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಬಿಸಿಲಿಗೆ ಕೊಡೆ ಹಿಡಿದಿದ್ದರು. ಹೇಗೆ ಹೇಳುವುದೋ ಅಂತ ತಡವರಿಸಿದರು.

"ಮೇಡಂ, ತಪ್ಪು ತಿಳೀಬೇಡಿ. ನಾವಿಬ್ರೂ ಒಂದು ಮಾತಾಡ್ಕೊಂಡಿದ್ವಿ. ಎರಡು ಇಂಜಿನ್ನೂ ಒಂದೇ ಹಳಿ ಮೇಲೆ ಓಡಿಸ್ಬೇಕು ಅಂತ. ಅದು ಹಂಗೇ ಉಳ್ಕೊಂತು. ನಂಗೆ ಅಂಗಡೀಲಿ ಕೂತ್ರೆ ಅದೇ ಗ್ಯಾನ. ನೀವು ಬೇಡ ಅಂದ್ರೆ ಬೇಡ."

"ಆಗ್ಲಿ, ತರ್ತೀನಿ" ಅಂದೆ.

ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಆಗಲಿ ಅನ್ನುತ್ತಿದ್ದೆ. ಹೆಡ್‌ಮಾಸ್ಟರು ಇನ್ನೊಂದು ಕ್ಲಾಸು ತೆಗೆದುಕೊಳ್ಳಿ ಅಂದರೂ ಆಗಲಿ, ಅಕ್ಕನ ಮನೆಯವರು ಬಿಳಿಗೆರೆಗೆ ಬಂದುಬಿಡು ಅಂದರೂ ಆಗಲಿ. ಆಮೇಲೆ ಹೋಗುತ್ತಿರಲಿಲ್ಲ, ಅಷ್ಟೇ. ಇದನ್ನು ಮಾತ್ರ ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಓಗವ. ನಾನೂವೆ ಬತ್ತೀನಿ. ನನ್ ಮಗ ಆಡಿದ್ ಮಾತು ಅಂಗೇ ಬಿಡಕಾದದಾ?"

ಒಂದು ಭಾನುವಾರ ಬೆಳಿಗ್ಗೆ ಇಂಜಿನ್ನನ್ನು ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಹೊರಟೆವು. ಅತ್ತೆ ಬಸ್ಸಿನುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅಂಗಡಿಯ ಹಿಂದೆ ಗೋಡೌನು. ಪೈಪು, ಪಂಪು, ತಂತಿಯ ಸುರುಳಿಗಳ ನಡುವೆ ಎರಡು ಮೇಜು ಜೋಡಿಸಿ, ಅವುಗಳ ಮೇಲೆ ಉದ್ದಕ್ಕೆ ಹಲಗೆ ಹಾಸಿ ಹಳಿ ಹೊಂದಿಸಿದ್ದರು. ತುದಿಯ ಹಲಗೆಯ ಕೆಳಗೆ ಇಟ್ಟಿಗೆ ಕೊಟ್ಟು ಅಷ್ಟು ಭಾಗ ಏರು ಮಾಡಿದ್ದರು. ಗೋಡೌನಿನ ಇನ್ನೊಂದು ಕಡೆಗೆ ಅವರ ಮನೆಯ ಬಾಗಿಲು. ನನ್ನ ಗಂಡ ವರ್ಷಗಟ್ಟಲೆ ಇಲ್ಲಿಗೆ ಬಂದುಹೋಗಿದ್ದರು. ಕಾಫಿ ಆ ಬಾಗಿಲಿನಿಂದ ಗೋಡೌನಿಗೇ ಬರುತ್ತಿತ್ತು ಅಂತ ಹೇಳುತ್ತಿದ್ದರು. ಅಂಗಡಿಯವರಿಗೆ ಸ್ಟೀಲಿನ ಲೋಟ, ಇವರಿಗೆ ಗಾಜಿನ ಲೋಟ. ಹೇಳುವಾಗ ಮುಖ ಹೇಗಿತ್ತು ಅಂತ ನನಗೆ ನೆನಪಿಲ್ಲ. ಕಾಫಿ ಚೆನ್ನಾಗಿರುತ್ತದೆ ಅಂತಲೂ ಹೇಳುತ್ತಿದ್ದರು.

ಮೊದಲು ಅವರ ಕರೀ ಇಂಜಿನ್ನು. ಅಂಗಡಿಯವರು ಹಳಿಗೆ ಕರೆಂಟು ಬಿಡುವ ಗುಂಡಿ ತಿರುಗಿಸಿದರು. ಸದ್ದೇ ಇಲ್ಲದೆ ಹೊರಟಿತು. ಒಂದೊಂದಾಗಿ ಡಬ್ಬಿ ಸೇರಿಸುತ್ತ ಹೋದರು. ಏರಿನಲ್ಲಿ ಎಂಟು ಡಬ್ಬಿಯವರೆಗೆ ಎಳೆಯಿತು, ಒಂಬತ್ತನೆಯದಕ್ಕೆ ನಡುವೆ ನಿಂತು ಚಕ್ರ ಜಾರತೊಡಗಿತು.

ಆಮೇಲೆ ನಮ್ಮದು. ಹಳಿಯ ಮೇಲೆ ಇಟ್ಟದ್ದು ಅತ್ತೆ. ನಾನು ಗುಂಡಿ ತಿರುಗಿಸಿದೆ. ಕೊಂಚ ಕುಂಟಿ, ಗರ್ ಎಂದು ಹೊರಟಿತು. ಸಮತಟ್ಟಿನಲ್ಲಿ ಏನೂ ತೊಂದರೆಯಿಲ್ಲ. ಏರಿಗೆ ಬರುತ್ತಲೇ ನಾಲ್ಕೇ ಡಬ್ಬಿಗೆ ಚಕ್ರ ಗಿರಗಿರ ಸುತ್ತಿತು, ಗಾಡಿ ಇದ್ದಲ್ಲೇ ಇತ್ತು.

ಅಂಗಡಿಯವರು ಬಗ್ಗಿ ನೋಡಿದರು. "ಮೋಟ್ರು ಚೆನ್ನಾಗೇ ತಿರುಗ್ತಾ ಅದೆ ಮೇಡಂ. ಶಕ್ತಿ ಅದೆ. ಮೈ ಹಗುರ."

ನನಗೂ ಗೊತ್ತಿತ್ತು. ಒಂಬತ್ತನೇ ಕ್ಲಾಸಿಗೆ ನಾನೇ ಪಾಠ ಮಾಡುತ್ತಿದ್ದೆ. ಮೋಟಾರು ಎಷ್ಟೇ ಜೋರಿನದಾಗಿರಲಿ, ಚಕ್ರ ಹಳಿಯನ್ನು ಕಚ್ಚಿ ಹಿಡಿಯದಿದ್ದರೆ ಎಳೆಯುವುದಿಲ್ಲ. ಕಚ್ಚಿ ಹಿಡಿಯಬೇಕಾದರೆ ಮೇಲೆ ಭಾರ ಬೇಕು. ಅವರ ಇಂಜಿನ್ನಿನದು ಎರಕ ಹೊಯ್ದ ಮೈ, ಎರಡು ಚಕ್ರಕ್ಕೆ ರಬ್ಬರಿನ ಪಟ್ಟಿ ಬೇರೆ. ನಮ್ಮದು ಹಾಲಿನ ಪುಡಿ ಡಬ್ಬಿ.

"ಭಾರ ಹಾಕ್ಬೋದಾ?" ಅಂತ ಕೇಳಿದೆ.

"ಅಯ್ಯೋ, ಧಾರಾಳವಾಗಿ. ಅವರಿದ್ದಿದ್ರೂ ಅದನ್ನೇ ಮಾಡ್ತಿದ್ರು" ಅಂದು ಅವರೇ ಎದ್ದು ಹೋದರು. ಸಂಗಮದಲ್ಲಿ ಮೀನು ಹಿಡಿಯುವವರು ಬಲೆಯಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಪಕ್ಕದ ಅಂಗಡಿಯಿಂದ ಒಂದು ಹಿಡಿ ತಂದರು. ಅತ್ತೆ ತಗಡಿನ ಮುಚ್ಚಳ ಬಿಚ್ಚಿ, ಮೋಟಾರಿನ ಅಕ್ಕಪಕ್ಕ ಬಟ್ಟೆ ತುಂಡು ಒತ್ತಿ, ಒಂದೊಂದೇ ಗುಂಡು ಇಟ್ಟರು. ತೊಟ್ಟಿಲಿಗೆ ಹಾಸುವವರ ಹಾಗೆ ಇಟ್ಟರು ಅಂತ ಈಗ ಬರೆಯಬಹುದು. ಆಗ ನನಗೆ ಕಂಡದ್ದು ಬೆರಳುಗಳು, ಗುಂಡುಗಳು, ಅಷ್ಟೇ.

ಈ ಸಲ ನಾಲ್ಕು ಡಬ್ಬಿ ಏರು ಹತ್ತಿತು. ಆರು ಹತ್ತಿತು. ಎಂಟು ಹತ್ತಿತು. ಅಂಗಡಿಯವರು ಚಪ್ಪಾಳೆ ತಟ್ಟಿದರು. ಅದು ಸೋಲುವವರ ಚಪ್ಪಾಳೆಯಲ್ಲ, ನಿಜವಾದ ಖುಷಿ. ಒಂಬತ್ತನೆಯದನ್ನು ಸಿಕ್ಕಿಸಿದಾಗ ಚಕ್ರ ಮತ್ತೆ ಕೊಂಚ ಜಾರಿತು.

"ಇನ್ನೊಂದೀಟು ಆಕು" ಅಂದರು ಅತ್ತೆ.

"ಸಾಕು ಕಣಮ್ಮ, ಸಮ ಆಯ್ತಲ್ಲ" ಅಂದರು ಅಂಗಡಿಯವರು. "ಹಿಡಿತಕ್ಕೂ ಒಂದು ಮಿತಿ ಬೇಕು. ಚಕ್ರ ಜಾರ್ಬೇಕು ಕಣಮ್ಮ. ಜಾರಿದ್ರೇ ಮೋಟ್ರು ಉಳಿಯೋದು. ಜಾರ್ದಂಗೆ ಮಾಡಿಬಿಟ್ರೆ ಎಳೀಲಾರದೆ ನಿಂತು ಸುಟ್ಟೋಯ್ತದೆ."

"ನನ್ ಮಗುಂದು ಗೆಲ್ಬೇಕು. ಆಕು."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಆಗಲಿ ಅಂದೆ. ಉಳಿದ ಗುಂಡುಗಳನ್ನೆಲ್ಲ ಅತ್ತೆ ತುರುಕಿದರು. ನಾನು ಗುಂಡಿ ತಿರುಗಿಸಿದೆ. ರೈಲು ಹೊರಟು, ಏರಿಗೆ ಬಂದು, ನಿಧಾನವಾಯಿತು. ಒಂಬತ್ತೂ ಡಬ್ಬಿ ಏರಿನ ಮೇಲೆ ಬಂದವು. ಇನ್ನೇನು ತುದಿ ಮುಟ್ಟಬೇಕು, ನಿಂತಿತು. ಚಕ್ರ ಜಾರಲಿಲ್ಲ. ಮೋಟಾರು ಗುಂಯ್ ಅನ್ನುತ್ತಿತ್ತು. ಗುಂಡಿಯನ್ನು ಪೂರ್ತಿ ತಿರುಗಿಸಿದೆ. ತಗಡಿನ ಸಂದಿಯಿಂದ ತೆಳ್ಳನೆ ಹೊಗೆ ಬಂತು, ಗುಂಯ್ ಶಬ್ದ ನಿಂತಿತು. ಅಂಗಡಿಯವರು ಓಡಿಹೋಗಿ ಸ್ವಿಚ್ಚು ಆರಿಸಿದರು.

ಸುಟ್ಟ ವಾರ್ನಿಷಿನ ವಾಸನೆ. ಸುಟ್ಟ ಮೋಟಾರುಗಳ ತಂತಿ ಕಿತ್ತು ಕಿತ್ತು ನನ್ನ ಗಂಡನ ಅಂಗಿಗಳೆಲ್ಲ ಇದೇ ವಾಸನೆ ಹೊಡೆಯುತ್ತಿದ್ದವು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅತ್ತೆ ಪೈಪುಗಳ ಕಟ್ಟಿನ ಮೇಲೆ ಕುಕ್ಕರಿಸಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಹಳಿಯಿಂದ ಡಬ್ಬಿಗಳನ್ನು ಒಂದೊಂದಾಗಿ ಬಿಡಿಸಿ ಪೆಟ್ಟಿಗೆಗೆ ಜೋಡಿಸಿದೆ. ಇಂಜಿನ್ನು ಬಿಸಿಯಿತ್ತು. ಕೈ ಸುಡುತ್ತಿದೆ ಅಂತ ಗೊತ್ತಾಗುತ್ತಿತ್ತು, ಆದರೂ ಕೆಳಗಿಡಲಿಲ್ಲ.

ಆ ಹೊತ್ತಿಗೆ ಮನೆಯ ಬಾಗಿಲಿನಲ್ಲಿ ಅಂಗಡಿಯವರ ತಾಯಿ ಬಂದು ನಿಂತರು. ತೆಳ್ಳಗಿನ ಮುದುಕಿ, ಹಣೆತುಂಬ ವಿಭೂತಿ. ನಮ್ಮಿಬ್ಬರನ್ನೂ ನೋಡಿದರು.

"ಊಟಕ್ಕೆ ಬನ್ರವ್ವ. ಎಲೆ ಹಾಕೀವಿ. ಒಳಗೇ ಬನ್ನಿ" ಅಂದರು.

ಅಂಗಡಿಯವರ ಮುಖ ಕೆಂಪಾಯಿತು. ಅವರು ನೆಲ ನೋಡುತ್ತ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾವು ಒಳಗೆ ಹೋದೆವು. ಪಡಸಾಲೆಯಲ್ಲಿ ಬಾಳೆ ಎಲೆ. ಒಬ್ಬಟ್ಟು ಮಾಡಿದ್ದರು. ಮುದುಕಿ ಕೈಯಾರೆ ತುಪ್ಪ ಬಡಿಸಿದರು. ಸೊಸೆ ಇಷ್ಟು ಚಿಕ್ಕವಳಲ್ಲವಾ ಅಂತ ಅತ್ತೆಯ ಹತ್ತಿರ ಹೇಳಿ ಕಣ್ಣು ಒರೆಸಿಕೊಂಡರು. ಅತ್ತೆ ಎಲ್ಲವನ್ನೂ ಉಂಡು, ಎಲೆ ಮಡಿಸಿ, ತಾವೇ ಎತ್ತಲು ಹೋದರು. ಬೇಡ ಬೇಡ ಅಂದರು. ನಾನು ಏನು ಉಂಡೆನೋ ಗೊತ್ತಾಗಲಿಲ್ಲ, ಬಡಿಸಿದ್ದನ್ನು ಮುಗಿಸಿದೆ.

ವಾಪಸು ಬಸ್ಸಿನಲ್ಲಿ ಹದಿನಾರು ದಾಟುವವರೆಗೆ ಅತ್ತೆ ಚೀಲವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು:

"ಒಳ್ಳೇ ಜನವೇ ಕಣವ್ವ. ಮುದ್ಕಿ ಮನ್ಸೂ ಒಳ್ಳೇದೇ. ಆದ್ರೂವೆ ನನ್ ಮಗ ಬದುಕಿದ್ದಾಗ ಕರೀಬೋದಾಗಿತ್ತು."

ನಾನು ಹೂಂ ಅಂದೆ. ಆ ಮಾತಿನ ಅರ್ಥ ನನಗೆ ತಿಳಿಯದೇ ಇರಲಿಲ್ಲ. ಎಲ್ಲೋ ದೂರದಲ್ಲಿ ಬಾಗಿಲು ಬಡಿದ ಹಾಗೆ ಕೇಳಿಸಿತು. ಎದ್ದು ಹೋಗಿ ತೆಗೆಯುವ ತ್ರಾಣ ಇರಲಿಲ್ಲ.

ಸುಟ್ಟ ಇಂಜಿನ್ನು ಮತ್ತೆ ಹಲಗೆಯ ಮೇಲೆ ಕೂತಿತು. ಎಷ್ಟೋ ವಾರ ಕಳೆದ ಮೇಲೆ, ಬೇಸಿಗೆ ರಜೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ ಅದನ್ನು ಬಿಚ್ಚಿದೆ. ಅವರ ಇಕ್ಕಳ, ಅವರ ಬೆಸುಗೆ ಕಡ್ಡಿ. ಮೋಟಾರಿನ ಒಳಗೆ ಮೂರು ಹಲ್ಲಿನ ಆರ್ಮೇಚರು, ತಂತಿ ಕಪ್ಪಾಗಿ ಅಂಟಿಕೊಂಡಿತ್ತು. ಬಿಡಿಸಿ ಬಿಡಿಸಿ ತೆಗೆದೆ. ಅದೇ ದಪ್ಪದ ತಂತಿ ಮನೆಯಲ್ಲಿರಲಿಲ್ಲ, ಕೊಂಚ ತೆಳುವಾದದ್ದಿತ್ತು. ತೆಳುವಾದ ತಂತಿ ಹಾಕಿದರೆ ಸುತ್ತು ಹೆಚ್ಚು ಹಿಡಿಸುತ್ತದೆ, ಮೋಟಾರು ನಿಧಾನವಾಗುತ್ತದೆ, ಆದರೆ ಕರೆಂಟು ಕಡಿಮೆ ತಿನ್ನುತ್ತದೆ. ಇದನ್ನೂ ಅವರೇ ಯಾವತ್ತೋ ಊಟದ ಹೊತ್ತಿನಲ್ಲಿ ಹೇಳಿದ್ದರು.

ಬಾಗಿಲಿನಲ್ಲಿ ಕೂತಿದ್ದ ಅತ್ತೆ ನೋಡುತ್ತಿದ್ದರು. ಮಗ ಪಂಪಿನ ಮೋಟಾರಿಗೆ ತಂತಿ ಸುತ್ತುವಾಗ ಸುತ್ತು ಎಣಿಸುತ್ತಿದ್ದದ್ದು ಅವರೇ. ಮಗನಿಗೆ ನಡುನಡುವೆ ಮಾತಾಡುವ ಚಟ, ಲೆಕ್ಕ ತಪ್ಪುತ್ತಿತ್ತು.

"ಏಳ್ಲಾ ನಾನು?" ಅಂತ ಕೇಳಿದರು. ಎಣಿಸಲೇ ಅಂತ.

"ಹೇಳಿ."

ಹತ್ತಿರ ಬಂದು ಕೂತರು. ನಾನು ಸುತ್ತುತ್ತಿದ್ದೆ, ಅವರು ಎಣಿಸುತ್ತಿದ್ದರು. ಒಂದು, ಎರ್ಡು, ಮೂರು. ಹಾಡಿನ ಹಾಗೆ ಒಂದೇ ಧಾಟಿ. ಮೊದಲ ಹಲ್ಲು ಮುಗಿಯಿತು. ಎರಡನೆಯದರ ನಡುವೆ ಅವರ ದನಿ ನಿಂತಿತು. ತಲೆ ಎತ್ತಿ ನೋಡಿದರೆ ಅಳುತ್ತಿದ್ದರು. ವ್ಯಾನಿನಲ್ಲಿ ಅತ್ತ ಹಾಗಲ್ಲ, ಸದ್ದಿಲ್ಲದೆ, ಬಾಯಿ ತೆರೆದುಕೊಂಡು. ನಾನು ಕೈ ನಿಲ್ಲಿಸಿದರೆ ತಂತಿ ಸಡಿಲವಾಗುತ್ತಿತ್ತು. ಅವರು ಬಿಟ್ಟಲ್ಲಿಂದ ನಾನೇ ಎಣಿಸಿದೆ, ಸ್ವಲ್ಪ ಜೋರಾಗಿ, ಅವರಿಗೆ ಕೇಳಿಸುವ ಹಾಗೆ. ಮೂರನೇ ಹಲ್ಲಿಗೆ ಬರುವ ಹೊತ್ತಿಗೆ ಅವರೂ ಸೇರಿಕೊಂಡರು. ಮುಗಿಸಿ, ತುದಿಗಳನ್ನು ಬೆಸೆದು, ಬ್ಯಾಟರಿ ಮುಟ್ಟಿಸಿದೆ. ತಿರುಗಿತು.

"ತಿರುಗ್ತು" ಅಂದೆ.

"ಊಂ, ತಿರುಗ್ತು" ಅಂದರು. ನನಗೆ ತುಂಬ ಹಸಿವಾಗಿತ್ತು. ತಂಗಳು ಮುದ್ದೆ ಇತ್ತು, ಇಬ್ಬರೂ ಮಜ್ಜಿಗೆ ಹಾಕಿಕೊಂಡು ಉಂಡೆವು.

ಶಾಲೆ ಶುರುವಾದ ಮೇಲೆ ಅಂಗಡಿಗೆ ಹೋಗಿ, ಇಂಜಿನ್ನು ಸರಿಹೋಗಿದೆ, ಈ ಸಲ ನೀವೇ ನಮ್ಮ ಮನೆಗೆ ಹಳಿ ತನ್ನಿ ಅಂದೆ. ಅದನ್ನು ಹೇಳಿಕಳಿಸಿದ್ದು ಅತ್ತೆ. ಅಂಗಡಿಯವರು ಭಾನುವಾರ ಬಂದರು, ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು. ಬುದ್ಧನ ಪಟದ ಕೆಳಗೆ, ನೆಲದ ಮೇಲೇ ಹಳಿ ಜೋಡಿಸಿದೆವು. ಏರು ಗೀರು ಏನೂ ಮಾಡಲಿಲ್ಲ. ಸೀಸವನ್ನು ಅರ್ಧ ತೆಗೆದಿದ್ದೆ. ನಮ್ಮ ಇಂಜಿನ್ನು ಮೊದಲಿಗಿಂತ ನಿಧಾನವಾಗಿ, ಮೊದಲಷ್ಟು ಕುಂಟದೆ, ಡಬ್ಬಿಗಳನ್ನು ಎಳೆದುಕೊಂಡು ಸುತ್ತು ಹಾಕಿತು.

"ಯಾರು ಸುತ್ತಿದ್ದು ಮೇಡಂ?"

"ನಾವಿಬ್ರೂ."

ಅತ್ತೆ ಅಡುಗೆಮನೆಯಿಂದ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. "ಸಾವ್ಕಾರ್ರೇ, ಉಣ್ಕೊಂಡೇ ಓಗ್ಬೇಕು. ಮುದ್ದೆ, ಸೊಪ್ಪುನ್ ಸಾರು. ಬ್ಯಾರೇನೂ ಮಾಡಿಲ್ಲ, ಯೋಚ್ನೆ ಮಾಡ್ಬ್ಯಾಡಿ."

ಅವರು ಹಳಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ನಾನು ಗುಂಡಿಯನ್ನು ತಿರುಗಿಸಿ ರೈಲು ನಿಲ್ಲಿಸಿದೆ. ಆಮೇಲೆ ಅವರು ಎದ್ದು, ಕೈ ತೊಳೆಯಲು ನೀರು ಎಲ್ಲಿ ಅಂತ ಕೇಳಿದರು.

ಅಡುಗೆಮನೆಯಲ್ಲಿ ಚಾಪೆಯ ಮೇಲೆ ಕೂತು ಉಂಡರು. ಎರಡನೇ ಮುದ್ದೆ ಬೇಡ ಅಂದರೂ ಅತ್ತೆ ಹಾಕಿದರು. ತಟ್ಟೆ ತಾವೇ ತೊಳೆದಿಡಲು ಹೋದಾಗ ಅತ್ತೆ ಬಿಡಲಿಲ್ಲ. ಹೋಗುವಾಗ ಅವರು ಬಾಗಿಲಿನಲ್ಲಿ ನಿಂತು ಏನೋ ಹೇಳಲು ಹೊರಟರು. "ಅಮ್ಮ, ಅವರನ್ನ ನಾನು ಯಾವತ್ತೂ..." ಅಂದರು. ಅತ್ತೆ, "ಬಿಸ್ಲು ಏರ್ತಾ ಅದೆ, ಬಸ್ಸು ಓಯ್ತದೆ, ನಡೀರಿ" ಅಂದುಬಿಟ್ಟರು. ಅವರು ತಲೆಯಾಡಿಸಿ ಹೋದರು. ಅತ್ತೆ ಒಳಗೆ ಬಂದು ತಟ್ಟೆ ತೊಳೆದು, ಚಾಪೆ ಸುತ್ತಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಆ ಮಧ್ಯಾಹ್ನ ನಾನೂ ನಿದ್ದೆ ಹೋದೆ. ಹಗಲು ಹೊತ್ತು ನಿದ್ದೆ ಬಂದದ್ದು ಎಷ್ಟೋ ಕಾಲದ ಮೇಲೆ.

ಆಮೇಲೆಯೂ ಕೆಲವು ವರ್ಷ ಅವರು ಆಗೀಗ ಬರುತ್ತಿದ್ದರು, ಯಾವುದಾದರೂ ಹೊಸ ಮೋಟಾರು ಹಿಡಿದುಕೊಂಡು. ಸಿಡಿ ಪ್ಲೇಯರಿನದು, ಪ್ರಿಂಟರಿನದು. ಎರಡು ಸಾವಿರದ ಈಚೆಗೆ ಅಂಥವು ಗುಜರಿಯಲ್ಲಿ ರಾಶಿ ರಾಶಿ ಸಿಗುತ್ತಿದ್ದವು. ಹಾಕಿ ನೋಡುತ್ತಿದ್ದೆವು, ಯಾವುದು ಎಷ್ಟು ಎಳೆಯುತ್ತದೆ ಅಂತ. ಗೆಲ್ಲುವ ಸೋಲುವ ಮಾತು ಯಾರೂ ಎತ್ತಲಿಲ್ಲ. ನಾವೂ ಅವರ ಮನೆಗೆ ಇನ್ನೊಂದು ಸಲ ಹೋದೆವು, ಅವರ ತಾಯಿ ತೀರಿಕೊಂಡಾಗ. ಅತ್ತೆ ಆ ಮುದುಕಿಯ ಕಾಲ ಹತ್ತಿರ ಬಹಳ ಹೊತ್ತು ಕೂತಿದ್ದರು.

ಅಷ್ಟರಲ್ಲಿ ನಂಜನಗೂಡಿನ ಮೀಟರ್ ಗೇಜ್ ಹಳಿ ಕಿತ್ತು ಅಗಲದ ಹಳಿ ಹಾಕಲು ರೈಲು ನಿಲ್ಲಿಸಿದರು. ಮೈಸೂರಿಗೆ ರೈಲಿನಲ್ಲಿ ಹೋಗುತ್ತಿದ್ದವರೆಲ್ಲ ಬಸ್ಸಿಗೆ ಬಂದರು, ಬಸ್ಸುಗಳು ತುಂಬಿ ತುಳುಕಿದವು. ನನ್ನ ದಾರಿ ಬೇರೆ ಕಡೆಯದು. ಬೆಳಿಗ್ಗೆ ಎದ್ದು, ಅತ್ತೆಗೆ ಸಾರಿನ ಪಾತ್ರೆ ಎಲ್ಲಿದೆ ಅಂತ ಹೇಳಿ, ತಿ. ನರಸೀಪುರದ ಬಸ್ಸು ಹತ್ತುತ್ತಿದ್ದೆ. ಸೀಟು ಸಿಕ್ಕರೆ ಕೂರುತ್ತಿದ್ದೆ, ಇಲ್ಲದಿದ್ದರೆ ನಿಂತೇ ಹೋಗುತ್ತಿದ್ದೆ.